ಕಾರು ಇಳಿಸುವ ಹುಡುಗರಿಗೆ, ಹಂಪ್ ಹಾಕುವವರಿಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ಒಂದು ಮಧ್ಯಾಹ್ನ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಹುಡುಗನೊಬ್ಬ ಸಿಮೆಂಟ್ ಚೀಲದಲ್ಲಿ ಕಾರಿನ ಎರಡು ಕಾಯಿಲ್ ಸ್ಪ್ರಿಂಗ್ ಹಾಕಿಕೊಂಡು ನಮ್ಮ ವರ್ಕ್‌ಶಾಪಿಗೆ ಬಂದ. ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ಲೇಥ್ ವರ್ಕ್‌ಶಾಪ್ ಇದೆ. ಇಪ್ಪತ್ತು ವರ್ಷದಿಂದ ಜಾಬ್ ವರ್ಕ್ ಮಾಡುತ್ತಿದ್ದೇನೆ. "ಕಾಕಾ, ಇವನ್ನ ಎರಡೆರಡು ಸುತ್ತು ಕಟ್ ಮಾಡಿ ಕೊಡ್ರಿ" ಅಂದ. ಯಾಕೋ ತಮ್ಮಾ ಅಂದೆ. "ನಿಮ್ಮ ಪೋಲೊ ನೋಡೇನ್ರಿ. ನಂದೂ ಅದೇ ಗಾಡಿ. ನಿಮ್ದರಂಗ ಕೆಳಗ ಕುಂದ್ರಬೇಕ್ರಿ" ಅಂದ.

ನಾನು ಕತ್ತರಿಸಿ ಕೊಡಲಿಲ್ಲ. ಯಾಕೆ ಆಗಲ್ಲ ಅಂತ ಹೇಳಲು ಶುರು ಮಾಡಿದೆ. ಅಷ್ಟರಲ್ಲಿ ಲೋಡ್ ಇಳಿಸಲು ಟೆಂಪೊ ಬಂತು, ನಾನು ಆ ಕಡೆ ಹೋದೆ. ತಿರುಗಿ ಬರುವಷ್ಟರಲ್ಲಿ ಹುಡುಗ ಇರಲಿಲ್ಲ. ಬೇರೆ ಕಡೆ ಹೋಗಿ ಗ್ಯಾಸ್ ಕಟಿಂಗ್‌ನಲ್ಲಿ ಕತ್ತರಿಸಿಕೊಂಡು, ಅದೇ ದಿನ ಸಂಜೆ ಗಾಡಿಗೆ ಹಾಕಿಸಿದ್ದ. ಇದು ನನಗೆ ಗೊತ್ತಾಗಿದ್ದು ಹತ್ತು ದಿನ ಬಿಟ್ಟು, ಅವನೇ ಗಾಡಿ ತಗೊಂಡು ವಾಪಸ್ ಬಂದಾಗ. ಮುಂದಿನಿಂದ ಟಕ್ ಟಕ್ ಅಂತ ಸದ್ದು ಬರುತ್ತಿದೆ, ನೋಡಿ ಅಂದ.

ಜಾಕ್ ಹಾಕಿ ಎತ್ತಿದೆವು. ಮುಂದಿನ ಎಡಗಡೆಯ ಚಕ್ರ ಬಿಚ್ಚಿ ಸ್ಪ್ರಿಂಗ್ ಹಿಡಿದು ನೋಡಿದರೆ ಅದು ನನ್ನ ಕೈಯಲ್ಲಿ ಆರಾಮಾಗಿ ತಿರುಗಿತು. ಒಂದು ಸಾವಿರ ಕೆ.ಜಿ.ಗಿಂತ ಜಾಸ್ತಿ ತೂಕದ ಗಾಡಿಯ ಮೂಲೆಯೊಂದನ್ನು ಹೊರಬೇಕಾದ ಸ್ಪ್ರಿಂಗ್ ಅದು, ಬಳೆ ತಿರುಗಿದ ಹಾಗೆ ತಿರುಗಿತು. ಸ್ಪ್ರಿಂಗ್ ಕೂರುವ ಕೆಳಗಿನ ತಟ್ಟೆಗೆ ಸೀಟು ಅನ್ನುತ್ತೇವೆ, ಅದರಿಂದ ಅರ್ಧ ಬೆರಳಿನಷ್ಟು ಮೇಲೆದ್ದಿತ್ತು. ಕತ್ತರಿಸಿದ ತುದಿ ಸೀಟಿನ ಅಂಚಿಗೆ ಉಜ್ಜಿ ಉಜ್ಜಿ ಅಲ್ಲಿ ಬಣ್ಣ ಹೋಗಿ ತಗಡು ಹೊಳೆಯುತ್ತಿತ್ತು. ಜೋರಾಗಿ ಒಂದು ತಗ್ಗಿಗೆ ಇಳಿದು ಎದ್ದು, ಚಕ್ರ ಕೆಳಗೆ ಜೋತು ಬಿದ್ದ ಗಳಿಗೆಯಲ್ಲಿ ಆ ಸ್ಪ್ರಿಂಗ್ ಸೀಟು ಬಿಟ್ಟು ಜಾರಿದರೆ ಏನಾಗುತ್ತದೆ ಅಂತ ಯೋಚಿಸಿ ನನಗೆ ಎದೆ ಝಲ್ ಅಂದಿತು. ಹುಡುಗ ಹಿಂದಿನ ದಿನ ತಾನೇ ಅವ್ವನನ್ನು ಕೂರಿಸಿಕೊಂಡು ಗದಗಿಗೆ ಹೋಗಿ ಬಂದಿದ್ದನಂತೆ.

ಅವನು ನೋಡಿದ್ದು ನನ್ನ ಗಾಡಿ, ಆಸೆಪಟ್ಟದ್ದು ಅದಕ್ಕೆ. ನನ್ನ ಗಾಡಿ ಹೇಗೆ ಇಳಿದಿದೆ, ಅಂದರೆ ನೆಲಕ್ಕೆ ಹತ್ತಿರ ಕೂತಿದೆ, ಒಳಗೆ ಏನೇನು ಬದಲಾಗಿದೆ ಅನ್ನುವುದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಈ ಪತ್ರ. ವಿದ್ಯಾನಗರ, ಗೋಕುಲ ರೋಡ್, ಧಾರವಾಡದ ಸಪ್ತಾಪುರ, ಎಲ್ಲಿ ನೋಡಿದರೂ ಈಗ ಇಳಿಸಿದ ಕಾರು ಕಾಣುತ್ತವೆ. ಅವುಗಳಲ್ಲಿ ಕೆಲವಾದರೂ ಕತ್ತರಿಸಿದ ಸ್ಪ್ರಿಂಗ್ ಮೇಲೆ ಓಡುತ್ತಿವೆ ಅಂತ ನಿಂತ ರೀತಿ ನೋಡಿದರೇ ನನಗೆ ಅನಿಸುತ್ತದೆ.

ಕಾರು ಇಳಿಸುವುದೇ ತಪ್ಪು ಅಂತ ಹೇಳುವವನು ನಾನಲ್ಲ. ನನಗೂ ಸಣ್ಣ ಕಾರಿನಲ್ಲಿ ದೊಡ್ಡ ಶಕ್ತಿ ಇರಬೇಕು ಅನ್ನುವ ಹುಚ್ಚು ಮೊದಲಿಂದ ಇದೆ. ಜರ್ಮನಿಯಲ್ಲಿ 1976ರಲ್ಲಿ ಗಾಲ್ಫ್ ಜಿಟಿಐ ಬಂದಾಗಿನಿಂದ ಇಂಥ ಗಾಡಿಗೆ ಒಂದು ಜಾತಿಯೇ ಹುಟ್ಟಿಕೊಂಡಿದೆ, ಹಾಟ್ ಹ್ಯಾಚ್ ಅನ್ನುತ್ತಾರೆ. ನಮ್ಮಲ್ಲಿ 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ ಬಂತು. 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್, ಅಂದರೆ ಕುದುರೆ ಶಕ್ತಿ. 2015ರಲ್ಲಿ 145 ಪಿಎಸ್‌ನ ಅಬಾರ್ತ್ ಪುಂಟೊ ಬಂತು. ಆಮೇಲೆ ಐ20 ಎನ್ ಲೈನ್, ಆಲ್ಟ್ರೋಜ್ ರೇಸರ್. ನಾನು ಜಿಟಿ ಟಿಎಸ್‌ಐ ಸೆಕೆಂಡ್ ಹ್ಯಾಂಡ್ ತಗೊಂಡೆ. ಎಂಜಿನ್ ಚಿನ್ನದಂಥದ್ದು. ಆದರೆ ಕಲಘಟಗಿ ದಾಟಿ ಯಲ್ಲಾಪುರ, ಅರಬೈಲ್ ಘಾಟ್ ಕಡೆ ಹೋದಾಗ ತಿರುವಿನಲ್ಲಿ ಗಾಡಿ ಒಂದು ಕಡೆಗೆ ಬಾಗುತ್ತದಲ್ಲ, ಅದು ನನಗೆ ಸರಿ ಬರಲಿಲ್ಲ. ಹಾಗಾಗಿ ಸ್ಪ್ರಿಂಗ್ ಬದಲಿಸುವ ಮನಸ್ಸು ಮಾಡಿದೆ.

ಮೊದಲು ನಾನೂ ತಪ್ಪು ಮಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ಒಳ್ಳೆಯ ಕಂಪನಿಯ, ನನ್ನ ಗಾಡಿಗೆ ಅಂತಲೇ ಮಾಡಿದ, 35 ಮಿ.ಮೀ. ಇಳಿಸುವ ಸ್ಪ್ರಿಂಗ್ ತರಿಸಿದೆ. ಅದರಲ್ಲಿ ತಪ್ಪಿರಲಿಲ್ಲ. ಹಾಕಿಕೊಟ್ಟ ಗ್ಯಾರೇಜಿನವರು "ಶಾಕಪ್ ಚಲೋ ಅದಾವ್ರಿ, ಸುಮ್ನೆ ಯಾಕ ರೊಕ್ಕ ಹಾಳ ಮಾಡ್ತೀರಿ" ಅಂದರು. ಅರವತ್ತು ಸಾವಿರ ಕಿಲೋಮೀಟರ್ ಓಡಿದ ಶಾಕ್ ಅಬ್ಸಾರ್ಬರ್‌ಗಳು. ನಾನೂ ಒಪ್ಪಿಕೊಂಡೆ. ಗಾಡಿ ನೋಡಲು ಚೆನ್ನಾಗಿತ್ತು. ಊರೊಳಗೆ ಸ್ವಲ್ಪ ಗಟ್ಟಿ ಅನಿಸಿತು, ಅಷ್ಟೇ.

ಒಂದು ವಾರಕ್ಕೆ ಬೈಪಾಸಿನಲ್ಲಿ ಗೊತ್ತಾಯಿತು. ಗಬ್ಬೂರಿನಿಂದ ನರೇಂದ್ರ ಕಡೆ ಹೋಗುತ್ತಿದ್ದೆ, ಹೆಂಡತಿ ಪಕ್ಕದಲ್ಲಿದ್ದಳು. ಆಗ ಅದು ಎರಡೇ ಲೇನಿನ ರಸ್ತೆ, 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳು ಜೀವ ಕಳೆದುಕೊಂಡರಲ್ಲ, ಅದೇ ರಸ್ತೆ. ಒಂದು ಸೇತುವೆ ದಾಟಿದ ಮೇಲೆ ರಸ್ತೆ ಸ್ವಲ್ಪ ಕುಸಿದಿತ್ತು. ಗಾಡಿ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು, ಮತ್ತೆ ಎದ್ದಿತು. ಮೂರನೇ ಸಲ ಏಳುವಾಗ ಸ್ಟಿಯರಿಂಗ್ ಕೈಯಲ್ಲಿ ಹಗುರಾಯಿತು, ಗಾಡಿ ಬಲಕ್ಕೆ ಸರಿಯಿತು. ಎದುರಿಗೆ ಬರುತ್ತಿದ್ದ ಲಾರಿಗೆ ಇನ್ನೂ ದೂರ ಇತ್ತು, ಅದು ನಮ್ಮ ಪುಣ್ಯ. ನಾಲ್ಕು ತಿಂಗಳಲ್ಲಿ ಮುಂದಿನ ಎಡಗಡೆ ಶಾಕಪ್ ಎಣ್ಣೆ ಸುರಿಸಿತು.

ಇದರ ಹಿಂದಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹುಡುಗರಿಗೆ ಯಾರೂ ಕೂತು ಹೇಳುವುದಿಲ್ಲ. ಸ್ಪ್ರಿಂಗಿಗೆ ಗೊತ್ತಿರುವುದು ಎರಡೇ: ಒತ್ತಿದರೆ ಕುಗ್ಗುವುದು, ಬಿಟ್ಟರೆ ವಾಪಸ್ ಒದೆಯುವುದು. ಅದರ ಕುಣಿತವನ್ನು ನಿಲ್ಲಿಸುವುದು ಶಾಕಪ್. ಒಳಗಿನ ಎಣ್ಣೆ ಸಣ್ಣ ಸಣ್ಣ ವಾಲ್ವ್ ದಾಟಿ ಹೋಗಬೇಕು, ಹಾಗೆ ಹೋಗುವಾಗ ಸ್ಪ್ರಿಂಗಿನ ಜೋರು ಬಿಸಿಯಾಗಿ ಕರಗಿ ಹೋಗುತ್ತದೆ. ಇಳಿಸುವ ಸ್ಪ್ರಿಂಗ್ ಗಿಡ್ಡ ಇರುತ್ತದೆ, ಗಟ್ಟಿಯೂ ಇರುತ್ತದೆ, ಇರಲೇಬೇಕು, ಯಾಕೆಂದರೆ ಚಕ್ರಕ್ಕೆ ಮೇಲೆ ಹೋಗಲು ಜಾಗ ಕಡಿಮೆಯಾಗಿದೆ. ಗಟ್ಟಿ ಸ್ಪ್ರಿಂಗ್ ಜಾಸ್ತಿ ಜೋರಿನಿಂದ ವಾಪಸ್ ಒದೆಯುತ್ತದೆ, ಅದನ್ನು ಹಿಡಿಯುವ ಶಕ್ತಿ ಹಳೆ ಶಾಕಪ್‌ಗೆ ಇರುವುದಿಲ್ಲ. ಇನ್ನೊಂದು, ಗಾಡಿ 35 ಮಿ.ಮೀ. ಕೆಳಗೆ ಕೂತಾಗ ಶಾಕಪ್‌ನ ರಾಡ್ ಕೂಡ ಅಷ್ಟು ಒಳಗೆ ಹೋಗಿಯೇ ನಿಂತಿರುತ್ತದೆ. ರಾಡ್ ಪೂರ್ತಿ ಒಳಗೆ ಹೋಗದಂತೆ ತಡೆಯುವ ರಬ್ಬರ್ ತುಂಡು ಇರುತ್ತದಲ್ಲ, ಸಣ್ಣ ತಗ್ಗಿಗೂ ಆ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಅದಕ್ಕೇ ಇಳಿಸಿದ ಗಾಡಿಗೆ ಅಂತಲೇ ಗಿಡ್ಡ ಶಾಕಪ್ ಬರುತ್ತವೆ. ಬಿಲ್‌ಸ್ಟೈನ್ ಕಂಪನಿಯನ್ನೇ ನೋಡಿ, ಮೊದಲಿನ ಎತ್ತರದ ಗಾಡಿಗೆ ಬಿ6, ಇಳಿಸಿದ ಗಾಡಿಗೆ ಬಿ8 ಅಂತ ಬೇರೆ ಬೇರೆ ಮಾಡುತ್ತದೆ. ಸುಮ್ಮನೆ ಎರಡು ಹೆಸರು ಇಟ್ಟಿಲ್ಲ.

ಇನ್ನು ಕತ್ತರಿಸಿದ ಸ್ಪ್ರಿಂಗ್ ವಿಷಯ. ಇದು ನನ್ನ ಕಸುಬಿನ ಮಾತು. ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನುವುದು ಅದರಲ್ಲಿ ಕೆಲಸ ಮಾಡುವ ಸುತ್ತು ಎಷ್ಟಿವೆ ಅನ್ನುವುದರ ಮೇಲೆ ನಿಂತಿದೆ. ಸುತ್ತು ಕಡಿಮೆಯಾದಷ್ಟೂ ಗಟ್ಟಿ. ಆರು ಸುತ್ತಿನಲ್ಲಿ ಎರಡು ತೆಗೆದರೆ ಒಂದೂವರೆ ಪಟ್ಟು ಗಟ್ಟಿಯಾಗುತ್ತದೆ. ಅಂದರೆ ಹುಡುಗ ಗಾಡಿ ಇಳಿಸಿದೆ ಅಂದುಕೊಂಡ, ಅವನಿಗೇ ಗೊತ್ತಿಲ್ಲದೆ ಶೇಕಡ 50 ಗಟ್ಟಿ ಸ್ಪ್ರಿಂಗ್ ಹಾಕಿಕೊಂಡ, ಅದೂ ಹಳೆಯ ಶಾಕಪ್ ಮೇಲೆ. ಸ್ಪ್ರಿಂಗಿನ ಕೊನೆಯ ಸುತ್ತು ಸೀಟಿನಲ್ಲಿ ಕೂರುವ ಹಾಗೆ ಆಕಾರ ಮಾಡಿರುತ್ತಾರೆ, ಕತ್ತರಿಸಿದ ಕಡೆ ಅದು ಹೋಯಿತು. ಉದ್ದ ಕಡಿಮೆಯಾಗಿದ್ದರಿಂದ ಚಕ್ರ ಜೋತಾಗ ಸ್ಪ್ರಿಂಗ್ ಸಡಿಲ. ಕಂಪನಿಯ ಇಳಿಸುವ ಸ್ಪ್ರಿಂಗ್ ಆದರೆ ಚಕ್ರ ಪೂರ್ತಿ ಜೋತಾಗಲೂ ಬಿಗಿಯಾಗೇ ಇರುವ ಹಾಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು ಗ್ಯಾಸ್ ಕಟಿಂಗ್. ಸ್ಪ್ರಿಂಗ್ ಸ್ಟೀಲನ್ನು ಕಾಯಿಸಿ, ತಣಿಸಿ, ಮತ್ತೆ ಹದ ಬಿಸಿಗೆ ತಂದು ಟೆಂಪರ್ ಕೊಟ್ಟಿರುತ್ತಾರೆ. ಅದನ್ನು ಉರಿಯಲ್ಲಿ ಕೆಂಪಗೆ ಮಾಡಿದರೆ ಆ ಜಾಗದಲ್ಲಿ ಟೆಂಪರ್ ಮುಗಿಯಿತು. ಒಂದು ಕಡೆ ಮೆತ್ತಗಾಗಿ ಕೂರುತ್ತದೆ, ಇನ್ನೊಂದು ಕಡೆ ನೀರೋ ಗಾಳಿಯೋ ತಾಗಿ ಬೇಗ ತಣಿದರೆ ಗಾಜಿನ ಹಾಗೆ ಪೆಡಸಾಗುತ್ತದೆ. ಮುರಿಯುವುದು ಅಲ್ಲಿಂದಲೇ.

ನನ್ನ ಗಾಡಿಗೆ ಎರಡನೇ ಸಲ ಗಿಡ್ಡ ಶಾಕಪ್, ಅದನ್ನು ಮೇಲೆ ಬಾಡಿಗೆ ಸೇರಿಸುವ ಹೊಸ ಟಾಪ್ ಮೌಂಟ್, ಹೊಸ ಬೇರಿಂಗ್, ಹೊಸ ಬಂಪ್ ಸ್ಟಾಪ್ ಹಾಕಿಸಿದೆ. ಸ್ಪ್ರಿಂಗಿಗಿಂತ ದುಪ್ಪಟ್ಟು ದುಡ್ಡು ಹೋಯಿತು. ಈ ಸಲ ನಾನೇ ಮುಂದೆ ನಿಂತಿದ್ದೆ. ಒಂದು ಸಣ್ಣ ವಿಷಯ ಇಲ್ಲಿ ಹೇಳಲೇಬೇಕು. ಚಕ್ರವನ್ನು ಕೆಳಗಡೆಯಿಂದ ಬಾಡಿಗೆ ಹಿಡಿದಿಡುವ ತೋಳಿಗೆ ಆರ್ಮ್ ಅನ್ನುತ್ತೇವೆ. ಕೆಳಗಿನ ಆರ್ಮ್‌ನ ರಬ್ಬರ್ ಬುಷ್‌ನ ಬೋಲ್ಟನ್ನು ಗಾಡಿ ಜಾಕ್ ಮೇಲೆ ಇದ್ದಾಗ, ಚಕ್ರ ಜೋತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಗಾಡಿ ಕೆಳಗಿಳಿದ ಮೇಲೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಸೀಳುತ್ತದೆ. ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿ ಕೊಡಬೇಕು. ಮೊದಲ ಗ್ಯಾರೇಜಿನಲ್ಲಿ ಇದನ್ನು ಮಾಡಿರಲಿಲ್ಲ, ಹಳೆ ಬುಷ್ ತೆಗೆದಾಗ ಸೀಳು ಕಾಣಿಸಿತು. ಸ್ಪ್ರಿಂಗ್ ಬಿಚ್ಚುವಾಗ ಅದನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಹಾಕದೆ ಮೇಲಿನ ನಟ್ ತೆಗೆಯುವುದನ್ನೂ ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಒತ್ತಿ ಕೂತ ಸ್ಪ್ರಿಂಗ್ ಹಾರಿದರೆ ಮುಖ ಉಳಿಯುವುದಿಲ್ಲ.

ಆಮೇಲೆ ವೀಲ್ ಅಲೈನ್‌ಮೆಂಟ್. ಅದೂ ಮಾಡಿಸಿದ ದಿನ ಒಂದು ಸಲ, ಐನೂರರಿಂದ ಸಾವಿರ ಕಿಲೋಮೀಟರ್ ಓಡಿ ಸ್ಪ್ರಿಂಗ್ ಸರಿಯಾಗಿ ಕೂತ ಮೇಲೆ ಇನ್ನೊಂದು ಸಲ. ಗಾಡಿ ಇಳಿದರೆ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲುವ ಕೋನ), ಟೋ (ಚಕ್ರದ ಮೂತಿ ಒಳಗೆ ಹೊರಗೆ ತಿರುಗಿರುವುದು) ಎರಡೂ ಬದಲಾಗುತ್ತವೆ. ಬಿಟ್ಟರೆ ಟೈರಿನ ಒಳಅಂಚು ಕೂದಲು ಬೋಳಿಸಿದ ಹಾಗೆ ಸವೆಯುತ್ತದೆ, ಹೊರಗಿನಿಂದ ನೋಡಿದರೆ ಟೈರ್ ಹೊಸದರಂತೆಯೇ ಕಾಣುತ್ತದೆ. ಹೆಡ್‌ಲೈಟಿನ ಮಟ್ಟವನ್ನೂ ಸರಿ ಮಾಡಿಸಬೇಕು.

ಜಾಸ್ತಿ ಇಳಿಸಿದಷ್ಟೂ ತಿರುವಿನಲ್ಲಿ ಚೆನ್ನಾಗಿ ಹೋಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಅದು ಒಂದು ಮಟ್ಟದವರೆಗೆ ಮಾತ್ರ ನಿಜ. ಪೋಲೊದಂಥ ಗಾಡಿಯಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುತ್ತದೆ, ಅಂದರೆ ಸ್ಪ್ರಿಂಗ್ ಮತ್ತು ಶಾಕಪ್ ಎರಡೂ ಒಂದೇ ಕಂಬದಲ್ಲಿ. 25, 30 ಮಿ.ಮೀ. ಇಳಿಸಿದಾಗ ಕೆಳಗಿನ ಆರ್ಮ್ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಇರುತ್ತದೆ. 60 ಮಿ.ಮೀ. ಇಳಿಸಿದರೆ ಅದು ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ. ಆಗ ಗಾಡಿ ಯಾವ ಬಿಂದುವಿನ ಸುತ್ತ ಬಾಗುತ್ತದೋ ಆ ಬಿಂದು ಗಾಡಿಯ ಭಾರದ ಕೇಂದ್ರಕ್ಕಿಂತ ಬೇಗ ಕೆಳಗೆ ಹೋಗಿಬಿಡುತ್ತದೆ. ಗಾಡಿ ಕೆಳಗಿದ್ದರೂ ಬಾಗುವ ಎಳೆತ ಜಾಸ್ತಿಯೇ ಆಗುತ್ತದೆ. ತಗ್ಗಿಗೆ ಬಿದ್ದಾಗ ಚಕ್ರ ತಾನೇ ಎಡಕ್ಕೆ ಬಲಕ್ಕೆ ತಿರುಗಲು ನೋಡುತ್ತದೆ. ನಮ್ಮ ಎರಿ ಮಣ್ಣಿನ ನೆಲದಲ್ಲಿ ರಸ್ತೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗಿ ಅಲೆ ಅಲೆಯಾಗಿರುತ್ತದೆ, ಅಣ್ಣಿಗೇರಿ ಕಡೆ, ನವಲಗುಂದ ಕಡೆ ಹೋದವರಿಗೆ ಗೊತ್ತು. ಇಂಥ ಕಡೆ 35 ಮಿ.ಮೀ.ಗಿಂತ ಜಾಸ್ತಿ ಇಳಿಸುವುದು ನನ್ನ ಪ್ರಕಾರ ಹುಚ್ಚು.

ಈಗ ಹಂಪ್ ವಿಷಯಕ್ಕೆ ಬರುತ್ತೇನೆ. ಇದು ಬರೀ ಇಳಿಸಿದ ಕಾರಿನವರ ಗೋಳು ಅಂತ ಯಾರೂ ತಿಳಿಯಬಾರದು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಅನ್ನುವ ಮಾನದಂಡ ಇದೆ. ಅದರ 1988ರ ಆವೃತ್ತಿಯಲ್ಲಿ ಹಂಪ್ ಅಂದರೆ 17 ಮೀಟರ್ ತ್ರಿಜ್ಯದ ವೃತ್ತದ ತುಣುಕು, ಅಗಲ 3.7 ಮೀಟರ್, ನಡುವೆ ಎತ್ತರ 10 ಸೆಂ.ಮೀ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು. ನನ್ನ ಗಾಡಿಯ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಸುಮಾರು 2.47 ಮೀಟರ್. ಅಂದರೆ ಹಂಪಿನ ನೆತ್ತಿ ಗಾಡಿಯ ಹೊಟ್ಟೆಯ ಕೆಳಗೆ ಬಂದಾಗ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ. ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ಚಕ್ರ ನಿಂತ ಮಟ್ಟದಿಂದ ಹೊಟ್ಟೆಯ ಕಡೆ ಹಂಪ್ ಏಳುವುದು ನಾಲ್ಕೂವರೆ ಸೆಂ.ಮೀ. ಮಾತ್ರ. ಇಳಿಸಿದ ಮೇಲೂ ನನ್ನ ಗಾಡಿಯ ಕೆಳಗೆ 13 ಸೆಂ.ಮೀ. ಜಾಗ ಇದೆ. ಸರಿಯಾದ ಹಂಪ್ ಆದರೆ ಧಾರಾಳವಾಗಿ ದಾಟುತ್ತದೆ, ಒಳಗೆ ಕೂತವರ ಸೊಂಟಕ್ಕೂ ಏನೂ ಆಗುವುದಿಲ್ಲ.

ನಮ್ಮ ಓಣಿಗಳಲ್ಲಿ ಇರುವುದು ಏನು? ಒಂದು ಬುಟ್ಟಿ ಜಲ್ಲಿ, ಒಂದು ಬುಟ್ಟಿ ಸಿಮೆಂಟ್ ಸುರಿದು ಗೋಡೆ ಕಟ್ಟಿದ ಹಾಗೆ ಕಟ್ಟಿರುತ್ತಾರೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ರಾತ್ರಿ ಮಳೆಯಲ್ಲಿ ಬೈಕಿನವನು ಅದನ್ನು ನೋಡುವುದೇ ಮೇಲೆ ಹಾರಿದ ಮೇಲೆ. ಏಳು ತಿಂಗಳ ಗರ್ಭಿಣಿ ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಆಟೊದವರು ಪ್ರತಿ ಹಂಪಿಗೂ ನಿಲ್ಲಿಸಿ ನಿಲ್ಲಿಸಿ ದಾಟಿಸಿದ್ದು ನನಗೆ ಇನ್ನೂ ನೆನಪಿದೆ. ಹಂಪ್ ಬೇಡ ಅನ್ನುತ್ತಿಲ್ಲ. ಶಾಲೆಯ ಮುಂದೆ ಬೇಕೇ ಬೇಕು. ಅಳತೆ ಪ್ರಕಾರ ಹಾಕಿ ಅನ್ನುತ್ತಿದ್ದೇನೆ, ಹಾಕುವವರು ಯಾರೇ ಇರಲಿ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರಚನೆ ಬದಲಿಸಬಾರದು ಅನ್ನುತ್ತದೆ. 2019ರ ತಿದ್ದುಪಡಿಯ ಮೇಲೆ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಅದೇ ವರ್ಷ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂದಿದೆ. ಹಾಗಾದರೆ ಸವೆದ ಸ್ಪ್ರಿಂಗ್ ತೆಗೆದು, ಅದೇ ಗಾಡಿಗೆ ಅಂತ ಮಾಡಿದ, 30 ಮಿ.ಮೀ. ಗಿಡ್ಡ ಇರುವ ಸ್ಪ್ರಿಂಗ್ ಹಾಕಿದರೆ ಅದು ರಚನೆ ಬದಲಿಸಿದ ಹಾಗಾ, ಬಿಡಿಭಾಗ ಬದಲಿಸಿದ ಹಾಗಾ? ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಸಿಗುತ್ತದೆ. ಜರ್ಮನಿಯಲ್ಲಿ ಇಂಥ ಸ್ಪ್ರಿಂಗ್ ಜೊತೆ ಯಾವ ಗಾಡಿಗೆ, ಎಷ್ಟು ಭಾರಕ್ಕೆ, ಯಾವ ಟೈರಿಗೆ ಅಂತ ಪರೀಕ್ಷೆಯ ಕಾಗದ ಬರುತ್ತದೆ. ಹಾಕಿಸಿದ ಮೇಲೆ ಟಿಯುವಿಯಂಥ ಸಂಸ್ಥೆಯ ಇನ್‌ಸ್ಪೆಕ್ಟರ್ ನೋಡಿ ಒಪ್ಪಬೇಕು, ಗಾಡಿಯ ದಾಖಲೆಯಲ್ಲಿ ಬರೆಸಬೇಕು. ಕತ್ತರಿಸಿದ ಸ್ಪ್ರಿಂಗಿಗೆ ಯಾರೂ ಸಹಿ ಹಾಕುವುದಿಲ್ಲ. ನಮ್ಮಲ್ಲೂ ಸಾರಿಗೆ ಇಲಾಖೆಯವರು ಇಂಥದ್ದು ಸರಿ, ಇಂಥದ್ದು ತಪ್ಪು ಅಂತ ಕನ್ನಡದಲ್ಲಿ ಒಂದು ಪುಟ ಬರೆದು ಹೊರಡಿಸಿದರೆ, ಗಾಡಿ ತಂದು ತೋರಿಸಿ ಶುಲ್ಕ ಕಟ್ಟಿ ಬರೆಸಿಕೊಳ್ಳುವ ದಾರಿ ಮಾಡಿದರೆ, ಎಷ್ಟೋ ಹುಡುಗರು ಕದ್ದುಮುಚ್ಚಿ ಮಾಡಿಸುವುದನ್ನು ಬಿಟ್ಟು ಸರಿಯಾಗಿ ಮಾಡಿಸುತ್ತಾರೆ. ಅಲ್ಲಿಯವರೆಗೆ ನನ್ನ ಕಿವಿಮಾತು, ಹಾಕಿಸುವ ಮೊದಲೇ ಆರ್‌ಟಿಒದಲ್ಲೂ ಇನ್ಶೂರೆನ್ಸ್‌ನವರಲ್ಲೂ ಬರವಣಿಗೆಯಲ್ಲಿ ಕೇಳಿ. ನಾನು ಹಾಕಿಸಿದ ಮೇಲೆ ಕೇಳಿದೆ, ಮೊದಲೇ ಕೇಳಬೇಕಿತ್ತು. ಹಳೆ ಸ್ಪ್ರಿಂಗ್‌ಗಳನ್ನು ಎಸೆಯದೆ ಗ್ರೀಸ್ ಹಚ್ಚಿ ಇಟ್ಟಿದ್ದೆ.

ಆ ಸ್ಪ್ರಿಂಗ್‌ಗಳು ಈಗ ಹುಡುಗನ ಗಾಡಿಯಲ್ಲಿವೆ. ಹೋದ ಭಾನುವಾರ ಇಬ್ಬರೂ ಸೇರಿ ಹಾಕಿದೆವು. ಗಾಡಿ ಮತ್ತೆ ಎತ್ತರಕ್ಕೆ ನಿಂತಿತು. ಅವನ ಮುಖ ಸ್ವಲ್ಪ ಸಪ್ಪಗಾಯಿತು, ನಿಜ. ದುಡ್ಡು ಕೂಡಿಸಿ ಶಾಕಪ್ ಸಮೇತ ಪೂರ್ತಿ ಸೆಟ್ ತಗೋ, ಕಾಗದಪತ್ರ ಕೇಳಿಕೊಂಡು ಬಾ, ನಾನೇ ನಿಂತು ಹಾಕಿಸುತ್ತೇನೆ ಅಂದಿದ್ದೇನೆ. ಕತ್ತರಿಸಿದ ಎರಡು ಸ್ಪ್ರಿಂಗ್ ನನ್ನ ವರ್ಕ್‌ಶಾಪಿನ ಬಾಗಿಲ ಹತ್ತಿರ ತೂಗು ಹಾಕಿದ್ದೇನೆ. ಯಾರು ಬೇಕಾದರೂ ಬಂದು ತುದಿ ಮುಟ್ಟಿ ನೋಡಬಹುದು.

ಅದೇ ದಿನ ಸಂಜೆ ಇಬ್ಬರೂ ಟೇಪ್ ಹಿಡಿದು ನಮ್ಮ ಬಡಾವಣೆಯ ಮೂರು ಹಂಪ್ ಅಳೆದೆವು. ಮೊದಲನೆಯದು ಅಗಲ 60 ಸೆಂ.ಮೀ., ಎತ್ತರ 16. ಎರಡನೆಯದು ಅಗಲ 75, ಎತ್ತರ 14. ಶಾಲೆಯ ಪಕ್ಕದ್ದು ಅಗಲ 50, ಎತ್ತರ 18. ಫೋಟೊಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ, ಜಾಗ ಇದ್ದರೆ ಶಾಲೆಯ ಪಕ್ಕದ್ದನ್ನಾದರೂ ಹಾಕಿ.

ಇಂತಿ,
ನಿಮ್ಮ ಓದುಗ
ನವನಗರ, ಹುಬ್ಬಳ್ಳಿ